ಹಿಂದಿನ ಕೋಣೆಯ ಕಡತಗಳಿಗೆ ಓದುವವರು ಬೇಕು

ನಮಸ್ಕಾರ. ಮಂಡ್ಯದ ನಮ್ಮ ಕಾಲೇಜಿನ ಲೈಬ್ರರಿಗೆ ಹಿಂದೊಂದು ಕೋಣೆ ಇದೆ. ಇಲ್ಲೇ ಓದಿ ಹೋದವರಲ್ಲೂ ಎಷ್ಟೋ ಜನ ಅದನ್ನು ನೋಡಿಲ್ಲ. ಸುತ್ತಲ ಊರಿನವರು ಹಳೇ ಮನೆ ಕೆಡವುವಾಗ ಅಟ್ಟದಿಂದ ಇಳಿಸಿ ತಂದುಕೊಟ್ಟದ್ದೆಲ್ಲ ಅಲ್ಲಿದೆ: ಶಾನುಭೋಗರ ಕಡತ, ಓಲೆಗರಿ ಕಟ್ಟು, 1938ರ ಶಿವಪುರ ಧ್ವಜ ಸತ್ಯಾಗ್ರಹದ ಕಾಲದ ಪತ್ರಿಕೆಗಳು, ನಾಲೆ ನೀರು ಬಂದ ಹೊಸತರ ಗದ್ದೆ ಲೆಕ್ಕ. ಕೇಳಿಕೊಂಡು ಬರುವವರೇ ಇಲ್ಲ. ಹೇಗೆ ಬರುತ್ತಾರೆ, ಒಳಗೆ ಏನಿದೆ ಅಂತ ಪಟ್ಟಿಯೇ ಇಲ್ಲವಲ್ಲ!

ಸ್ಕ್ಯಾನರ್ ತನ್ನಿ ಸಾಕು ಅಂತ ಹಲವರು ಹೇಳಿದರು. ತರೋಣ, ಆದರೆ ಅದು ಆಮೇಲೆ. ಮೊದಲು ಮುಟ್ಟುವುದಕ್ಕೆ, ಓದುವುದಕ್ಕೆ ಬರಬೇಕು ಅಲ್ವಾ? ಕಡತ ಅಂದರೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿದ ಬಟ್ಟೆ, ಮಡಿಸಿ ಮಡಿಸಿ ಇಟ್ಟಿರುತ್ತಾರೆ, ಅದರ ಮೇಲೆ ಬಳಪದಲ್ಲಿ ಬರೆದದ್ದು. ಧೂಳಾಗಿದೆ ಅಂತ ಯಾರಾದರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರಹವೇ ಹೋಯಿತು. ಅಕ್ಷರವೂ ಮೋಡಿ, ಒಂದಕ್ಕೊಂದು ಸೇರಿಸಿ ಎಳೆದಿರುತ್ತಾರೆ. ಕನ್ನಡ ಎಂ.ಎ. ಮಾಡಿದವರೂ ಮೊದಲ ದಿನ ತಡವರಿಸುತ್ತಾರೆ.

ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಪಂಡಿತರೊಬ್ಬರು ತಂದುಕೊಟ್ಟ ಓಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇತ್ತು. ಅದನ್ನು ಓದಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸುವುದಕ್ಕೆ ಅಲ್ಲಿನ ಲೈಬ್ರರಿಯನ್ ಶಾಮಾಶಾಸ್ತ್ರಿಗಳು ಇದ್ದರು. ನಮ್ಮ ಕೋಣೆಯಲ್ಲಿ ಅಂಥದ್ದು ಸಿಗುತ್ತದೆ ಅಂತ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ನಿಮ್ಮ ಮುತ್ತಜ್ಜನ ಗದ್ದೆಯ ಲೆಕ್ಕ ಸಿಗಬಹುದು, ನಮಗೆ ಅದೂ ದೊಡ್ಡದೇ.

ಅದಕ್ಕೇ ಈ ವರ್ಷ ಆರು ಮಕ್ಕಳನ್ನು ಆರು ತಿಂಗಳ ಇಂಟರ್ನ್‌ಶಿಪ್‌ಗೆ ತೆಗೆದುಕೊಳ್ಳುತ್ತಿದ್ದೇವೆ. ಇಬ್ಬರಿಗೆ ಒಬ್ಬರಂತೆ ಹಿರಿಯರು ಜೊತೆಗಿದ್ದು ಕಲಿಸುತ್ತಾರೆ, ನಿವೃತ್ತ ಲೈಬ್ರರಿಯನ್, ಮೇಷ್ಟ್ರು, ಹೀಗೆ. ಒರೆಸುವುದು, ಓದುವುದು, ಪಟ್ಟಿ ಬರೆಯುವುದು, ಕೊನೆಗೆ ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಂದು ಕಾಗದದ ಬಗ್ಗೆ ಊರವರ ಮುಂದೆ ಮಾತಾಡುವುದು. ಪುಕ್ಕಟೆ ದುಡಿಸುವುದು ನಮಗೆ ಇಷ್ಟವಿಲ್ಲ. ಬಸ್ಸಿನಲ್ಲಿ ಮದ್ದೂರು, ಪಾಂಡವಪುರದಿಂದ ಬರುವ ಮಕ್ಕಳು, ರಜೆಯಲ್ಲಿ ಬೇರೆ ಕೆಲಸಕ್ಕೆ ಹೋದರೆ ಮನೆಗೆ ನಾಲ್ಕು ಕಾಸು ಆಗುತ್ತದೆ.

ಅದಕ್ಕೇ ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ 3,000 ರೂಪಾಯಿ, ಆ ಹಣಕ್ಕೆ ನಿಮ್ಮ ನೆರವು ಕೇಳುತ್ತಿದ್ದೇವೆ. ಒಂದು ತಿಂಗಳದ್ದು ಕೊಡಿ, ಆರು ತಿಂಗಳದ್ದು ಕೊಡಿ, ಇನ್ನೂರು ರೂಪಾಯಿ ಕೊಟ್ಟರೂ ರಸೀದಿ ಹಾಕುತ್ತೇವೆ. ಹಿರಿಯರು ಸಂಬಳ ಬೇಡ ಅಂದಿದ್ದಾರೆ, ಕಾಫಿ ಮಾತ್ರ ಕೇಳಿದ್ದಾರೆ. ಜಾಸ್ತಿ ಬಂದ ಹಣ ಇವನ್ನೆಲ್ಲ ಹಾಳಾಗದಂತೆ ಸುತ್ತಿಡುವ ಆಸಿಡ್ ಇಲ್ಲದ ಕಾಗದ, ಡಬ್ಬಿಗಳಿಗೆ. ಖರ್ಚಿನ ಲೆಕ್ಕ ಲೈಬ್ರರಿ ಬಾಗಿಲಲ್ಲೇ ಅಂಟಿಸುತ್ತೇವೆ.

ಕಾಲೇಜು ಆಫೀಸಿನಲ್ಲಿ ಕಟ್ಟಬಹುದು. ಮನೆಯಲ್ಲಿ ಮೋಡಿ ಓದುವ ಅಜ್ಜನೋ ಅಜ್ಜಿಯೋ ಇದ್ದರೆ ದುಡ್ಡು ಕೊಡದಿದ್ದರೂ ಪರವಾಗಿಲ್ಲ, ಅವರನ್ನು ಒಂದು ಶನಿವಾರ ಕರೆದುಕೊಂಡು ಬನ್ನಿ. ಆಟೋ ಖರ್ಚು ನಮ್ಮದು.