ಕ್ಯಾನ್ಸರ್ ಇಲ್ಲದಿದ್ದರೂ ಈ ಮಾತ್ರೆ ಏಕೆ: ಮಗಳಿಗೊಂದು ಪತ್ರ

ಮಂಡ್ಯ

ಪ್ರೀತಿಯ ಪುಟ್ಟಿ,

ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, "ಅಮ್ಮಾ, ಇದು ಕ್ಯಾನ್ಸರ್ ಮಾತ್ರೆ, ಏನನ್ನೋ ಮುಚ್ಚಿಡುತ್ತಿದ್ದೀಯ" ಎಂದು ನೀನು ಅತ್ತಾಗ ನನಗೆ ಕರುಳು ಹಿಂಡಿದಂತಾಯಿತು. ನನಗೆ ಕ್ಯಾನ್ಸರ್ ಆಗಿಲ್ಲ. ಆಗದಿರಲಿ ಎಂದೇ ಟ್ಯಾಮಾಕ್ಸಿಫೆನ್ ನುಂಗುತ್ತಿದ್ದೇನೆ. ಊರಿನ ಮಕ್ಕಳಿಗೆಲ್ಲ ಜೀವಶಾಸ್ತ್ರ ಹೇಳಿಕೊಡುವವಳು ಮಗಳಿಗೆ ಹೇಳದಿದ್ದರೆ ಹೇಗೆ?

ಮೈಸೂರಿನಲ್ಲಿ ಮಾಡಿಸಿದ ಬಯಾಪ್ಸಿಯ ವರದಿಯಲ್ಲಿರುವುದು ಇಷ್ಟು: ಹಾಲಿನ ನಾಳದ ಒಳಗೋಡೆಯ ಜೀವಕೋಶಗಳು ಒಂದರ ಮೇಲೊಂದು ಒತ್ತಾಗಿ ಬೆಳೆದಿವೆ, ಅವುಗಳ ರೂಪವೂ ಸಹಜವಾಗಿಲ್ಲ. ಇದು ಕ್ಯಾನ್ಸರ್ ಅಲ್ಲ. ಆದರೆ ಇಂಥ ಕೋಶಗಳಿರುವ ಹೆಂಗಸರಿಗೆ ಮುಂದೆ ಸ್ತನ ಕ್ಯಾನ್ಸರ್ ಬರುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು. ಅದರ ಜೊತೆಗೆ ನಿನ್ನ ದೊಡ್ಡಮ್ಮನ ಕ್ಯಾನ್ಸರಿನ ಕಥೆ ನಿನಗೆ ಗೊತ್ತೇ ಇದೆ.

ಸ್ತನದ ಅನೇಕ ಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನಿಗೆಂದೇ ಒಂದು ಗ್ರಾಹಕ ಪ್ರೋಟೀನ್ ಇದೆ. ಅದರ ಕುಳಿಯಲ್ಲಿ ಈಸ್ಟ್ರೋಜನ್ ಬಂದು ಕುಳಿತರೆ ಗ್ರಾಹಕದ ಆಕಾರ ಬದಲಾಗುತ್ತದೆ, ಸಹಾಯಕ ಪ್ರೋಟೀನುಗಳು ಬಂದು ಅಂಟಿಕೊಳ್ಳುತ್ತವೆ, ಕೋಶ ವಿಭಜನೆಗೆ ಬೇಕಾದ ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ಪ್ರತಿ ವಿಭಜನೆಗೂ ಡಿಎನ್‌ಎ ನಕಲಾಗಬೇಕು. ನಕಲು ಹೆಚ್ಚಿದಷ್ಟೂ ತಿದ್ದದೇ ಉಳಿಯುವ ತಪ್ಪುಗಳು ಹೆಚ್ಚು. ಅಂಥ ತಪ್ಪುಗಳು ಕೂಡುತ್ತಾ ಹೋದಾಗಲೇ ಕೋಶ ಹತೋಟಿ ತಪ್ಪುವುದು. ನಮ್ಮ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಟ್ಯಾಮಾಕ್ಸಿಫೆನ್ ಮಾಡುವುದೂ ಅದನ್ನೇ. ಈಸ್ಟ್ರೋಜನ್ ಬರುವಷ್ಟರಲ್ಲಿ ಜಾಗ ಭರ್ತಿ. ಸಾಲದ್ದಕ್ಕೆ ಈ ಅಣುವಿಗೊಂದು ಬಾಲವಿದೆ. ಅದು ಹೊರಚಾಚಿ, ಗ್ರಾಹಕ ಸರಿಯಾಗಿ ಮಡಚಿಕೊಳ್ಳದಂತೆ ತಡೆಯುತ್ತದೆ. ಸಹಾಯಕ ಪ್ರೋಟೀನುಗಳಿಗೆ ಅಂಟಲು ನೆಲೆಯೇ ಸಿಗುವುದಿಲ್ಲ. ಕೋಶಕ್ಕೆ ವಿಭಜನೆಯ ಆ ಅಪ್ಪಣೆ ತಲುಪುವುದಿಲ್ಲ.

ದೊಡ್ಡಮ್ಮನ ದಿಂಬಿನಿಂದ ನೀನು ಹಿಡಿಗಟ್ಟಲೆ ಕೂದಲು ಆರಿಸಿ ತೆಗೆದದ್ದನ್ನು ನಾನು ಮರೆತಿಲ್ಲ. ಅದು ಬೆಳೆಯುವ ಕೋಶಗಳನ್ನು ಕೊಲ್ಲುವ ಕೀಮೋ. ಇದು ಆ ಜಾತಿಯದಲ್ಲ.

ಈ ಔಷಧದ ಹುಟ್ಟೇ ಬೇರೆ ಉದ್ದೇಶಕ್ಕೆ. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದಾಗ ಕಂಪನಿ ಹುಡುಕುತ್ತಿದ್ದದ್ದು ಗರ್ಭನಿರೋಧಕವನ್ನು. ಇಲಿಗಳಲ್ಲಿ ಕೆಲಸ ಮಾಡಿತು. ಹೆಂಗಸರಲ್ಲಿ ಅಂಡೋತ್ಪತ್ತಿಯನ್ನೇ ಹೆಚ್ಚಿಸಿತು! ಮೂಲೆಗೆ ಬೀಳಬೇಕಿದ್ದ ಅದನ್ನು 1970ರ ದಶಕದಲ್ಲಿ ಕ್ರೇಗ್ ಜೋರ್ಡನ್ ಪರೀಕ್ಷಿಸಿ, ಇಲಿಗಳಲ್ಲಿ ಸ್ತನದ ಗಡ್ಡೆ ಹುಟ್ಟುವುದನ್ನೇ ತಡೆಯಬಲ್ಲದು ಎಂದು ತೋರಿಸಿದರು. ನಂತರ ಅಪಾಯ ಹೆಚ್ಚಿದ್ದ 13,388 ಮಹಿಳೆಯರ ಮೇಲೆ ಅಮೆರಿಕದ ನೇತೃತ್ವದಲ್ಲಿ ದೊಡ್ಡ ಅಧ್ಯಯನ ನಡೆಯಿತು. 1998ರಲ್ಲಿ ಬಂದ ಫಲಿತಾಂಶದಲ್ಲಿ, ಹರಡುವ ಸ್ವಭಾವದ ಸ್ತನ ಕ್ಯಾನ್ಸರ್ ಶೇ 49ರಷ್ಟು ಇಳಿದಿತ್ತು. ನನ್ನಂಥ ಅಸಹಜ ಕೋಶಗಳಿದ್ದವರಲ್ಲಿ ಇಳಿಕೆ ಶೇ 86. ಈ ಅಂಕಿಯನ್ನು ಓದಿದ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ.

ಹಾಗೆಂದು ಇದು ಸಂಜೀವಿನಿಯಲ್ಲ. ಈಗಾಗಲೇ ಆಗಿರುವ ಡಿಎನ್‌ಎ ತಪ್ಪನ್ನು ತಿದ್ದುವುದಿಲ್ಲ. ಈಸ್ಟ್ರೋಜನ್ ಗ್ರಾಹಕವಿಲ್ಲದ ಕ್ಯಾನ್ಸರ್‌ಗಳನ್ನು ತಡೆಯುವುದಿಲ್ಲ. ಸ್ತನದಲ್ಲಿ ಈಸ್ಟ್ರೋಜನ್‌ಗೆ ಅಡ್ಡ ನಿಲ್ಲುವ ಇದೇ ಮಾತ್ರೆ ಗರ್ಭಕೋಶದಲ್ಲಿ ಈಸ್ಟ್ರೋಜನ್‌ನಂತೆಯೇ ವರ್ತಿಸುತ್ತದೆ. ಐವತ್ತು ದಾಟಿದವರಲ್ಲಿ ಅಲ್ಲಿನ ಕ್ಯಾನ್ಸರ್ ಸಂಭವ ಹೆಚ್ಚುತ್ತದೆ. ನೀನು ಓದಿ ಹೆದರಿದ್ದು ಅದನ್ನೇ. ನನ್ನ ಗರ್ಭಕೋಶವನ್ನು ಹಿಂದೆಯೇ ತೆಗೆದಿರುವುದರಿಂದ ಆ ಚಿಂತೆ ನನಗಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದೆಂಬ ಭಯವಿದೆ, ಅದನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಒಂದೇ ಕಾಲು ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಆಸ್ಪತ್ರೆಗೆ ಓಡಬೇಕೆಂದು ಅಪ್ಪನಿಗೂ ಹೇಳಿಟ್ಟಿದ್ದೇನೆ. ಪಾಠದ ನಡುವೆ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಕುತ್ತಿಗೆ ಬೆವರುತ್ತದೆ, ಅದನ್ನು ಸಹಿಸಿಕೊಳ್ಳಬಲ್ಲೆ.

ನೀನು ಈ ಮಾತ್ರೆ ತೆಗೆದುಕೊಳ್ಳಬೇಕಾಗಿಲ್ಲ. ಆದರೆ ಅಲ್ಲಿ ಯಾವ ವೈದ್ಯರ ಬಳಿ ಹೋದರೂ ದೊಡ್ಡಮ್ಮನ ವಿಷಯ, ನನ್ನ ವರದಿಯ ವಿಷಯ ಎರಡನ್ನೂ ಹೇಳು, ಸಂಕೋಚಪಡಬೇಡ. ಮುಂದಿನ ತಪಾಸಣೆಗೆ ಮೈಸೂರಿಗೆ ಹೋಗುವಾಗ ರಜೆ ಹಾಕಿ ಬಾ. ಕೇಳಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಿರು, ಡಾಕ್ಟರರ ಎದುರೇ ಕೇಳೋಣ.

ನಿನ್ನ ಅಮ್ಮ