ಕಾಸರಗೋಡಿನ ಸಂಸದರಿಗೆ ಬಹಿರಂಗ ಪತ್ರ: ಒಪ್ಪಂದ ದೆಹಲಿಯಲ್ಲಾದರೂ ಬೆಲೆ ಬೀಳುವುದು ನಮ್ಮ ಅಂಗಳದಲ್ಲಿ

ಮಾನ್ಯ ಸಂಸದರೇ,

ವಂದನೆಗಳು. ನಾನು ಬದಿಯಡ್ಕ ಸಮೀಪದ ಅಡಿಕೆ ಕೃಷಿಕ. ಅಡಿಕೆಯ ನಡುವೆ ಕೊಕ್ಕೋ ಇದೆ, ಮೇಲಿನ ಗುಡ್ಡೆಯಲ್ಲಿ ಗೇರು ಇದೆ. ನಮ್ಮ ಕಡೆಯ ಹೆಚ್ಚಿನ ಮನೆಗಳ ಆದಾಯ ನಿಂತಿರುವುದು ಈ ಮೂರರ ಮೇಲೆಯೇ. ಮೂರರ ಧಾರಣೆಯೂ ಹೊರದೇಶಗಳ ಕೈಯಲ್ಲಿದೆ. ಅಡಿಕೆಗೆ ಶ್ರೀಲಂಕಾ, ಮ್ಯಾನ್ಮಾರ್, ಇಂಡೋನೇಷ್ಯಾ. ಕೊಕ್ಕೋಗೆ ಘಾನಾ, ಐವರಿ ಕೋಸ್ಟ್. ಗೇರುಬೀಜಕ್ಕೆ ತಾಂಜಾನಿಯಾ, ಬೆನಿನ್, ವಿಯೆಟ್ನಾಂ. ಎಲ್ಲವೂ ನಮ್ಮಂತೆಯೇ ಈಗೀಗ ತಲೆಯೆತ್ತುತ್ತಿರುವ ದೇಶಗಳು. ಇಂಥ ದೇಶಗಳೊಂದಿಗೆ ಭಾರತ ವ್ಯಾಪಾರ ಮತ್ತು ಹೂಡಿಕೆಯ ಸಂಬಂಧವನ್ನು ಹೇಗೆ ಬೆಳೆಸಬೇಕು ಎಂಬ ಬಗ್ಗೆ ಒಬ್ಬ ರೈತನಿಗೂ ಹೇಳಲಿಕ್ಕಿದೆ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಆಮದು ನಿಲ್ಲಿಸಿ ಎಂಬ ಮನವಿಗಳು ತಮ್ಮ ಕಚೇರಿಗೆ ಸಾಕಷ್ಟು ಬಂದಿರುತ್ತವೆ. ಅವುಗಳ ಹಿಂದಿರುವ ಭಯ ನನಗೂ ಗೊತ್ತು. ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದವನ್ನು ವಿರೋಧಿಸಿ 2009ರ ಅಕ್ಟೋಬರ್ 2ರಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ ನಿಂತದ್ದು ತಮಗೆ ತಿಳಿದೇ ಇದೆ. ಹಾಗಿದ್ದೂ ನಾನು ಬಾಗಿಲು ಮುಚ್ಚಿ ಎಂದು ಕೇಳುತ್ತಿಲ್ಲ. ಬಾಗಿಲು ತೆರೆದೇ ಇರಲಿ, ಆದರೆ ಒಳಗೆ ಬರುವುದೇನು, ಎಲ್ಲಿಂದ ಬರುತ್ತಿದೆ, ಅದಕ್ಕೆ ಪ್ರತಿಯಾಗಿ ನಾವು ಕೊಡುವುದೇನು ಎಂಬುದು ಎರಡೂ ಕಡೆಯ ಸಣ್ಣ ಬೆಳೆಗಾರನಿಗೆ ಮೊದಲೇ ಗೊತ್ತಿರಲಿ.

ಗೇರುಬೀಜದ ವಿಚಾರವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಗುಡ್ಡೆಗಳ ಬೀಜ ಬೇಸಿಗೆಯ ಕೆಲವು ತಿಂಗಳಿಗೆ ಮುಗಿಯುತ್ತದೆ. ಕೊಲ್ಲಂ ಮತ್ತು ಮಂಗಳೂರು ಕಡೆಯ ಕಾರ್ಖಾನೆಗಳು ವರ್ಷವಿಡೀ ನಡೆಯುವುದು ಆಫ್ರಿಕಾದಿಂದ ಹಡಗಿನಲ್ಲಿ ಬರುವ ಬೀಜದಿಂದ. ಸರಕು ಬಂದ ಕೂಡಲೇ ಗೋಣಿಗಳಿಂದ ಸ್ಯಾಂಪಲ್ ತೆಗೆದು ಕಟ್ಟಿಂಗ್ ಮಾಡುತ್ತಾರೆ. ಒಂದೊಂದೇ ಬೀಜವನ್ನು ಎರಡು ಹೋಳು ಮಾಡಿ, ಒಳ್ಳೆಯದು, ಕಲೆ ಬಿದ್ದದ್ದು, ಮುರುಟಿದ್ದು, ಪೊಳ್ಳು ಎಂದು ಬೇರೆ ಬೇರೆ ರಾಶಿ ಹಾಕಿ ತೂಗುತ್ತಾರೆ. 80 ಕೆ.ಜಿ.ಯ ಗೋಣಿಗೆ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬುದೇ ಔಟ್‌ಟರ್ನ್. ಅದರ ಮೇಲೆ ದರ. ಹಡಗು ತಡವಾಗಿ ಬೀಜ ಬಿಸಿಯೇರಿದರೆ ಔಟ್‌ಟರ್ನ್ ಇಳಿಯುತ್ತದೆ, ಕೊಂಡವನಿಗೂ ಮಾರಿದವನಿಗೂ ಜಗಳ ಹತ್ತುತ್ತದೆ. ಕಾರ್ಖಾನೆ ನಿಂತರೆ ಮೊದಲು ಮನೆಗೆ ಹೋಗುವವರು ಸಿಪ್ಪೆ ಸುಲಿಯುವ, ಗ್ರೇಡ್ ಮಾಡುವ ಹೆಂಗಸರು. ಬೆನಿನ್‌ನ ಯಾವುದೋ ಹಳ್ಳಿಯಲ್ಲಿ ಬೀಜವನ್ನು ಸರಿಯಾಗಿ ಒಣಗಿಸುವ ಅಂಗಳ ಇದೆಯೇ ಎಂಬ ಪ್ರಶ್ನೆಗೂ ಇಲ್ಲಿನ ಒಬ್ಬ ಹೆಂಗಸಿನ ದಿನದ ಕೂಲಿಗೂ ನೇರ ಸಂಬಂಧವಿದೆ.

2008ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ನಡೆದ ಮೊದಲ ಭಾರತ–ಆಫ್ರಿಕಾ ಶೃಂಗಸಭೆಯಲ್ಲಿ ತೀರಾ ಹಿಂದುಳಿದ ದೇಶಗಳ ಸರಕಿಗೆ ಸುಂಕದಲ್ಲಿ ರಿಯಾಯಿತಿ ಕೊಡುವ ಯೋಜನೆಯನ್ನು ಭಾರತ ಪ್ರಕಟಿಸಿತು. ಹತ್ತಿ, ಕೊಕ್ಕೋ ಜೊತೆಗೆ ಗೇರುಬೀಜದ ಹೆಸರೂ ಆ ಘೋಷಣೆಯಲ್ಲಿತ್ತು. ಅದು ಒಳ್ಳೆಯ ಹೆಜ್ಜೆ, ಮನಸಾರೆ ಒಪ್ಪುತ್ತೇನೆ. ಆದರೆ ಸುಂಕ ಇಳಿಸಿದ ಮಾತ್ರಕ್ಕೆ ಸಂಬಂಧ ಗಟ್ಟಿಯಾಗುವುದಿಲ್ಲ. ಗೇರು ತಿರುಳಿನ ರಫ್ತಿನಲ್ಲಿ ಒಂದು ಕಾಲಕ್ಕೆ ಮುಂದಿದ್ದ ನಮ್ಮನ್ನು ವಿಯೆಟ್ನಾಂ ಹಿಂದೆ ಹಾಕಿತು. ಅದು ಬೇಗ ಯಂತ್ರಗಳಿಗೆ ಹೊರಳಿತು, ನೆರೆಯ ಕಾಂಬೋಡಿಯಾದ ಬೆಳೆಯ ಬಹುಪಾಲನ್ನು ತಾನೇ ಕೊಳ್ಳುವಷ್ಟು ಹತ್ತಿರದ ಸಂಬಂಧ ಕಟ್ಟಿಕೊಂಡಿತು. ಇತ್ತ ಆಫ್ರಿಕಾದ ದೇಶಗಳೂ ಸುಮ್ಮನೆ ಕುಳಿತಿಲ್ಲ. 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತು ನಿಲ್ಲಿಸಿ ತನ್ನಲ್ಲೇ ಸಂಸ್ಕರಿಸುವುದಾಗಿ ಬೆನಿನ್ ಘೋಷಿಸಿತು. ತಮ್ಮ ಬೆಳೆಯ ಲಾಭ ತಮ್ಮ ಜನರಿಗೆ ಸಿಗಬೇಕು ಎಂದು ಅವರು ಬಯಸಿದರೆ ತಪ್ಪೇನು? ನಾವೂ ಬಯಸುವುದು ಅದನ್ನೇ.

ಕಚ್ಚಾ ಬೀಜ ಕೊಡಿ ಎಂದು ಕೇಳುವ ನಾವು, ಅವರ ತಿರುಳು ಬಾರದ ಹಾಗೆ 2019ರಲ್ಲಿ ಅದರ ಮೇಲಿನ ಸುಂಕವನ್ನು ಶೇ 45ರಿಂದ ಶೇ 70ಕ್ಕೆ ಏರಿಸಿದೆವು. ಇಲ್ಲಿನ ಕೆಲಸ ಉಳಿಸಲು ಅದು ಬೇಕಿತ್ತು, ಇಂದು ಏಕಾಏಕಿ ತೆಗೆದುಹಾಕಿ ಎಂದು ನಾನೂ ಹೇಳುವುದಿಲ್ಲ. ಆದರೆ ಒಂದು ಕೈಯಲ್ಲಿ ತಡೆದು ಇನ್ನೊಂದು ಕೈಯಲ್ಲಿ ಬೇಡುವುದು ಬಹಳ ದಿನ ನಡೆಯದು. ಹಂತ ಹಂತವಾಗಿ ಒಂದಿಷ್ಟು ತಿರುಳಿಗೆ ಕಡಿಮೆ ಸುಂಕದ ಕೋಟಾ ಕೊಟ್ಟು, ಅದಕ್ಕೆ ಪ್ರತಿಯಾಗಿ ಹಲವು ವರ್ಷಗಳ ಕಚ್ಚಾ ಬೀಜದ ಪೂರೈಕೆಯ ಖಾತರಿ ಪಡೆಯುವ ಮಾತುಕತೆಯನ್ನು ವಾಣಿಜ್ಯ ಸಚಿವಾಲಯ ಶುರು ಮಾಡಬೇಕು. ತೊಗರಿಯಲ್ಲಿ ಇಂಥ ಪ್ರಯತ್ನ ಆಗಿದೆ. ಇಂತಿಷ್ಟು ವರ್ಷ ಇಂತಿಷ್ಟು ಕೊಳ್ಳುತ್ತೇವೆ ಎಂದು 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ಒಡಂಬಡಿಕೆ ಮಾಡಿಕೊಂಡಿತು. ಅದರಲ್ಲೂ ತೊಡಕು ಬಂತು, 2023ರ ಕೊನೆಗೆ ಅಲ್ಲಿನ ಬಂದರಿನಲ್ಲಿ ತೊಗರಿ ಸಿಲುಕಿಕೊಂಡಿತು. ಸಹಿ ಬಿದ್ದ ಮೇಲೆ ಬಂದರಿನ ಮಟ್ಟದಲ್ಲಿ ತಕರಾರು ಬಗೆಹರಿಸಲು ಎರಡೂ ದೇಶದ ಜನ ಕೂರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ನಾವು ಕೊಡಬಹುದಾದದ್ದು. ಕಾಸರಗೋಡಿನಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಇದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಜಾಗ ಅದು. ಗಡಿ ದಾಟಿದರೆ ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ ಇದೆ. ಬೇರೆ ದೇಶದವರಿಗೆ ತರಬೇತಿ ಕೊಡಲೆಂದೇ 1964ರಿಂದ ಭಾರತದ ಐಟೆಕ್ ಯೋಜನೆ ನಡೆಯುತ್ತಿದೆ. ಪಶ್ಚಿಮ ಆಫ್ರಿಕಾದ ಕೃಷಿ ಅಧಿಕಾರಿಗಳು, ಸಹಕಾರಿ ಸಂಘದವರು ಇಲ್ಲಿಗೆ ಬಂದು ಕಸಿ ಕಟ್ಟುವುದನ್ನು, ಹಳೆ ಮರದ ನೆತ್ತಿ ಕಡಿದು ಹೊಸ ಚಿಗುರು ಬರಿಸುವುದನ್ನು, ಬೀಜ ಒಣಗಿಸುವುದನ್ನು ಕಲಿತು ಹೋಗಲಿ. ನಮ್ಮ ಯಂತ್ರ ತಯಾರಕರು ಅಲ್ಲಿ ಹೋಗಿ ಘಟಕ ಹಾಕಲಿ, ಅದಕ್ಕೆ ರಫ್ತು–ಆಮದಿಗೆ ಸಾಲ ಕೊಡುವ ಸರ್ಕಾರಿ ಎಕ್ಸಿಮ್ ಬ್ಯಾಂಕಿನ ಸಾಲ ದೊಡ್ಡ ಕಂಪನಿಗಳಿಗಷ್ಟೇ ಅಲ್ಲದೆ ಸಣ್ಣವರಿಗೂ ಎಟಕುವಂತಾಗಲಿ. ಇದೇ ನಿಜವಾದ ಹೂಡಿಕೆ ಎಂದು ನನ್ನ ಅಭಿಪ್ರಾಯ.

ಹಾಗೆ ಹೋಗುವ ಹಣಕ್ಕೆ ಒಂದು ಕಟ್ಟುಪಾಡು ಇರಲೇಬೇಕು, ಇದನ್ನು ಕಾಸರಗೋಡಿನವನಾಗಿ ಹೇಳದೆ ಇರಲಾರೆ. ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದರ ಫಲವನ್ನು ನಮ್ಮ ಜಿಲ್ಲೆಯ ಎಣ್ಮಕಜೆಯ ಮನೆಗಳು ಇವತ್ತಿಗೂ ಉಣ್ಣುತ್ತಿವೆ. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ಒಂದು ತಲೆಮಾರು ಕಳೆದಿತ್ತು. ಭಾರತದ ಹಣದಿಂದ ಆಫ್ರಿಕಾದಲ್ಲಿ ಏಳುವ ತೋಟ, ಕಾರ್ಖಾನೆಗಳಲ್ಲಿ ಯಾವ ವಿಷ ಬಳಸುತ್ತಾರೆ, ಕೆಲಸಗಾರರಿಗೆ ಏನು ರಕ್ಷಣೆ ಎಂಬುದು ಹೂಡಿಕೆ ಒಪ್ಪಂದದ ಒಳಗೇ ಬರೆದಿರಬೇಕು. ನಮ್ಮ ಮಕ್ಕಳಿಗೆ ಆದದ್ದು ಅವರ ಮಕ್ಕಳಿಗೆ ಆಗಕೂಡದು.

ಅಡಿಕೆಗೆ ಬರುತ್ತೇನೆ. ಅಡಿಕೆಯ ಕನಿಷ್ಠ ಆಮದು ದರವನ್ನು, ಅಂದರೆ ಇದಕ್ಕಿಂತ ಅಗ್ಗವಾಗಿ ಆಮದು ಮಾಡಬಾರದು ಎಂಬ ಬೆಲೆಯನ್ನು, 2023ರಲ್ಲಿ ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಹೊಸ ಚಾಲಿ (ಒಣಗಿಸಿ ಸುಲಿದ ಅಡಿಕೆ) ಅಂಗಳದಲ್ಲಿ ಇಟ್ಟುಕೊಂಡಿದ್ದವರಿಗೆ ಅದರಿಂದ ಧೈರ್ಯ ಬಂತು, ನಿಜ. ಆದರೆ ದರ ಎಷ್ಟೇ ಇಟ್ಟರೂ ಬಿಲ್ಲಿನಲ್ಲಿ ಬೇರೆ ಬೆಲೆ ಬರೆದು ತರುವವನನ್ನು ಅದು ತಡೆಯುವುದಿಲ್ಲ. ಒಂದು ದೇಶದ ಅಡಿಕೆಯನ್ನು, ಒಪ್ಪಂದದಿಂದ ಸುಂಕದ ರಿಯಾಯಿತಿ ಇರುವ ಶ್ರೀಲಂಕಾದಂಥ ಇನ್ನೊಂದು ದೇಶದ ಹೆಸರಿನಲ್ಲಿ ಇಳಿಸುವವನನ್ನೂ ತಡೆಯುವುದಿಲ್ಲ. ಸರಕಿನ ಮೂಲ ಪರಿಶೀಲಿಸಲು 2020ರ ಸೆಪ್ಟೆಂಬರ್‌ನಿಂದ ಕಸ್ಟಮ್ಸ್‌ನಲ್ಲಿ ಹೊಸ ನಿಯಮಗಳು ಬಂದಿವೆ. ನಿಯಮ ಇದ್ದರೂ ಗೋಣಿಯೊಳಗಿನ ಅಡಿಕೆ ಯಾವ ಮಣ್ಣಿನದು ಎಂದು ಹೇಳಲು ಪ್ರಯೋಗಾಲಯ ಬೇಕು. ಆ ಕೆಲಸವನ್ನು ಸಿಪಿಸಿಆರ್‌ಐಗೆ ವಹಿಸಿ, ಬೇಕಾದ ಹಣ, ಉಪಕರಣ ಕೊಡಿಸಿ. ಶ್ರೀಲಂಕಾದ ಪ್ರಾಮಾಣಿಕ ಬೆಳೆಗಾರನಿಗೂ ಅದರಿಂದ ಒಳ್ಳೆಯದೇ. ಅವನ ದೇಶದ ಹೆಸರು ಕೆಡಿಸುವವರು ಸಿಕ್ಕಿಬಿದ್ದಷ್ಟೂ ಇಲ್ಲಿ ಒಪ್ಪಂದದ ಮೇಲಿನ ಸಿಟ್ಟು ಇಳಿಯುತ್ತದೆ.

ಕೊಕ್ಕೋದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಘಾನಾ, ಐವರಿ ಕೋಸ್ಟ್‌ಗಳಲ್ಲಿ ಹವಾಮಾನ ಮತ್ತು ರೋಗದಿಂದ ಬೆಳೆ ಕೈಕೊಟ್ಟು 2024ರಲ್ಲಿ ಜಾಗತಿಕ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ಇಲ್ಲಿನ ಹಸಿ ಬೀಜಕ್ಕೂ ಹಿಂದೆಂದೂ ಕಾಣದ ಬೆಲೆ ಬಂತು, ಆಮೇಲೆ ಇಳಿಯಿತು. ಅಲ್ಲಿನ ಬೆಳೆಯ ಅಂದಾಜು ಇಲ್ಲಿನ ರೈತನಿಗೆ ಸಕಾಲಕ್ಕೆ ಸಿಗುವಂತೆ ನಮ್ಮ ರಾಯಭಾರ ಕಚೇರಿಗಳು ಮಾಡಿದರೆ ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಹಣ ಪಾವತಿಯದ್ದು ಇನ್ನೊಂದು ಕಥೆ. 2022ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲೇ ವಿದೇಶಿ ವ್ಯಾಪಾರ ಮಾಡಲು ದಾರಿ ಮಾಡಿಕೊಟ್ಟಿತು. ಮರುವರ್ಷ ಯುಎಇ ಜೊತೆ ರೂಪಾಯಿ–ದಿರ್ಹಮ್ ವ್ಯವಹಾರಕ್ಕೂ ಒಡಂಬಡಿಕೆ ಆಯಿತು. ಮನೆಗೊಬ್ಬರು ಗಲ್ಫಿನಲ್ಲಿರುವ ನಮ್ಮ ಜಿಲ್ಲೆಗೆ ಅದರ ಬೆಲೆ ಗೊತ್ತು. ತಾಂಜಾನಿಯಾದಂಥ ದೇಶಗಳೊಂದಿಗೂ ಇದು ಸಣ್ಣ ಆಮದುದಾರನ ಬ್ಯಾಂಕ್ ಶಾಖೆಯ ಮಟ್ಟಕ್ಕೆ ಇಳಿಯಬೇಕು. ಗೇರುಬೀಜಕ್ಕೆ ಕೊಟ್ಟ ರೂಪಾಯಿಯಲ್ಲಿ ಅವರು ನಮ್ಮ ಔಷಧ, ಟ್ರ್ಯಾಕ್ಟರ್, ಅಕ್ಕಿ ಕೊಂಡರೆ ಎರಡೂ ಕಡೆಯವರಿಗೆ ಡಾಲರಿನ ಏರಿಳಿತದ ಹೊಡೆತ ಕಡಿಮೆಯಾಗುತ್ತದೆ.

ನಮ್ಮ ದೇಶದಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ನಿಯಮ ಇಲ್ಲ. ಆದ್ದರಿಂದಲೇ ತಮ್ಮನ್ನು ಕೇಳುತ್ತಿದ್ದೇನೆ. ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಿ: ಅಡಿಕೆ, ಗೇರು, ಕೊಕ್ಕೋ, ಕರಿಮೆಣಸು ಬೆಳೆಯುವ ಜಿಲ್ಲೆಗಳಲ್ಲಿ ರೈತರ, ಕಾರ್ಮಿಕರ ಅಹವಾಲು ಕೇಳದೆ ಆ ಬೆಳೆಗಳ ಮೇಲೆ ಮಾತುಕತೆ ನಡೆಸುವುದಿಲ್ಲ ಎಂಬ ಭರವಸೆಯನ್ನು ಸರ್ಕಾರ ಕೊಡುತ್ತದೆಯೇ? ವಾಣಿಜ್ಯ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿಯನ್ನು ಒಮ್ಮೆ ಕಾಸರಗೋಡಿಗೆ ಕರೆತನ್ನಿ. ಅದಕ್ಕೆ ಮೊದಲು, ಚರ್ಚೆಯಲ್ಲಿರುವ ಒಪ್ಪಂದಗಳ ಸಾರಾಂಶವನ್ನು ಮಲಯಾಳದ ಜೊತೆ ಕನ್ನಡದಲ್ಲೂ ನಮ್ಮ ಪಂಚಾಯತ್ ಕಚೇರಿಗಳಿಗೆ ಕಳುಹಿಸಿಕೊಡಿ. ಓದಿ, ಸಿದ್ಧವಾಗಿ ಬಂದು ಮಾತನಾಡುವವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇತಿ ತಮ್ಮ ವಿಶ್ವಾಸಿ,
ಬದಿಯಡ್ಕ ಸಮೀಪದ ಒಬ್ಬ ಕೃಷಿಕ