ಕ್ಯಾಂಪಸ್‌ಗಳ ಕೆಮಿಕಲ್ ವೇಸ್ಟ್: ಬೆಂಗಳೂರು ನಗರ ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ,

ನಮಸ್ಕಾರ. ನಾನು ನಗರದ ಒಂದು ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ರಾಸಾಯನಿಕ ಅವಘಡ ಎದುರಿಸಲು ಜಿಲ್ಲೆಯಲ್ಲಿರುವ ತುರ್ತು ಯೋಜನೆಗೆ ನಮ್ಮ ಕ್ಯಾಂಪಸ್‌ಗಳನ್ನೂ ಸೇರಿಸಿ ಎಂದು ಕೇಳಿಕೊಳ್ಳಲು ಈ ಪತ್ರ.

1996ರ ರಾಸಾಯನಿಕ ಅಪಘಾತ ನಿಯಮಗಳ ಪ್ರಕಾರ ಜಿಲ್ಲಾ ಬಿಕ್ಕಟ್ಟು ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಆದರೆ ಆ ನಿಯಮದ ಕಣ್ಣಿರುವುದು ಭಾರಿ ಪ್ರಮಾಣದಲ್ಲಿ ಕೆಮಿಕಲ್ ಇಟ್ಟುಕೊಳ್ಳುವ ಕಾರ್ಖಾನೆಗಳ ಮೇಲೆ. ನಮ್ಮಲ್ಲಿರುವುದು ಅರ್ಧ ಲೀಟರ್ ಬಾಟಲಿ, ಐದು ಲೀಟರ್ ಕ್ಯಾನ್. ಹಾಗಾಗಿ ನಾವು ಲೆಕ್ಕಕ್ಕೇ ಬರುವುದಿಲ್ಲ.

ಪ್ರಮಾಣ ಕಡಿಮೆ ಇರಬಹುದು, ಬಗೆಗಳು ಮಾತ್ರ ನೂರಾರು. ಅಪಾಯ ಇರುವುದೇ ಅಲ್ಲಿ. ನೈಟ್ರಿಕ್ ಆಸಿಡ್ ಉಳಿದಿರುವ ಕ್ಯಾನಿಗೆ ಯಾರೋ ಅವಸರದಲ್ಲಿ ಅಸಿಟೋನ್ ಸುರಿದು ಮುಚ್ಚಳ ಬಿಗಿ ಮಾಡಿದರು ಅಂದುಕೊಳ್ಳಿ. ಆಗಲೇ ಏನೂ ಆಗದಿರಬಹುದು. ಒಳಗೆ ಗ್ಯಾಸ್ ತುಂಬುತ್ತಾ ಹೋಗಿ, ಎಲ್ಲರೂ ಮನೆ ಸೇರಿದ ಮೇಲೆ ಕ್ಯಾನ್ ಸಿಡಿಯಬಹುದು. ವರ್ಷಗಟ್ಟಲೆ ಮುಟ್ಟದ ಈಥರ್ ಬಾಟಲಿಯ ಕುತ್ತಿಗೆಯಲ್ಲಿ ಬಿಳಿ ಹರಳು ಕಂಡರೆ ಅದು ಉಜ್ಜಿದರೇ ಸಿಡಿಯುವ ಪೆರಾಕ್ಸೈಡ್ ಇರಬಹುದು, ಮುಚ್ಚಳ ತಿರುಗಿಸಲೇಬಾರದು. ಪಿಕ್ರಿಕ್ ಆಸಿಡ್ ಒದ್ದೆ ಇರುವವರೆಗೆ ತೊಂದರೆ ಕಡಿಮೆ, ಒಣಗಿತೋ ಸ್ಫೋಟಕ. ನಾನು ನೋಡಿದ ಸ್ಟೋರ್ ರೂಮುಗಳಲ್ಲಿ ಇವೆಲ್ಲ ಒಂದೇ ಕಬ್ಬಿಣದ ರ‍್ಯಾಕಿನಲ್ಲಿ ಕೂತಿರುತ್ತವೆ. ಕ್ಯಾನಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ವೇಸ್ಟ್’ ಅಂತಷ್ಟೇ ಬರೆದಿರುತ್ತದೆ. ಬರೆದ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಊರು ಬಿಟ್ಟಿರುತ್ತಾನೆ.

ರಾತ್ರಿ ಹನ್ನೊಂದಕ್ಕೆ ಆ ರೂಮಿನಿಂದ ಹೊಗೆ ಬಂದರೆ ಅಲ್ಲಿರುವುದು ಏಜೆನ್ಸಿಯಿಂದ ಬಂದ ಸೆಕ್ಯುರಿಟಿಯವರೊಬ್ಬರೇ. ಅವರ ಕೈಯಲ್ಲಿ ಬೀಗದ ಕೈ ಗೊಂಚಲು ಇದೆ. ಒಳಗೇನಿದೆ ಅಂತ ಯಾರೂ ಅವರಿಗೆ ಹೇಳಿಲ್ಲ. ಪಾಪ, ಬಾಗಿಲು ತೆಗೆದು ನೋಡಿಯೇ ನೋಡುತ್ತಾರೆ, ಅವರ ಕೆಲಸವೇ ಅದಲ್ವಾ? 112ಕ್ಕೆ ಫೋನ್ ಹೋಗಿ ಅಗ್ನಿಶಾಮಕ ದಳ ಬಂತು ಅಂತಿಟ್ಟುಕೊಳ್ಳಿ. ಒಳಗೆ ಏನಿದೆ ಅಂತ ಅವರು ಕೇಳಿದರೆ ಉತ್ತರ ಹೇಳುವವರಿಲ್ಲ. ಸೋಡಿಯಂ ಇದ್ದರೆ ನೀರು ಹೊಡೆಯುವ ಹಾಗಿಲ್ಲ, ಒಣ ಮರಳು ಬೇಕು. ಸಯನೈಡ್ ಮೇಲೆ ಆಸಿಡ್ ಚೆಲ್ಲಿದ್ದರೆ ವಿಷದ ಗ್ಯಾಸ್ ಏಳುತ್ತದೆ, ಗಾಳಿ ಸಿಲಿಂಡರ್ ಇರುವ ಮಾಸ್ಕ್ ಇಲ್ಲದೆ ಒಳಗೆ ಕಾಲಿಡುವುದೇ ಪ್ರಾಣಕ್ಕೆ ಅಪಾಯ. ಪಕ್ಕದ ಹಾಸ್ಟೆಲ್ ಖಾಲಿ ಮಾಡಿಸಬೇಕೋ ಬೇಡವೋ, ಯಾರು ಹೇಳಬೇಕು? ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಆ ಸೆಕ್ಯುರಿಟಿಯವರದ್ದೇ.

2018ರ ಡಿಸೆಂಬರ್ 5ರಂದು ನಮ್ಮ ಐಐಎಸ್‌ಸಿಯ ಲ್ಯಾಬ್‌ನಲ್ಲಾದ ಸ್ಫೋಟದಲ್ಲಿ ಒಬ್ಬ ಸಂಶೋಧಕರು ತೀರಿಕೊಂಡರು, ಮೂವರು ಗಾಯಗೊಂಡರು. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ, ಗಾಮಾ ವಿಕಿರಣ ಸೂಸುವ ಹಳೆಯ ಲ್ಯಾಬ್ ಯಂತ್ರ ಅಲ್ಲಿನ ಮಾಯಾಪುರಿಯ ಗುಜರಿಗೆ ಹೋಯಿತು. ಅದರ ಕೋಬಾಲ್ಟ್-60 ವಿಕಿರಣಕ್ಕೆ ಗುಜರಿ ಕೆಲಸಗಾರರೊಬ್ಬರು ಬಲಿಯಾದರು. ಕ್ಯಾಂಪಸ್ಸಿನ ಕಸ ಕಾಂಪೌಂಡಿನ ಒಳಗೇ ಇರುತ್ತದೆ ಅನ್ನುವ ಹಾಗಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರೂ ನೀವೇ. ಪ್ರತಿ ಕ್ಯಾಂಪಸ್ಸಿನಿಂದ ಒಂದು ಪುಟದ ಪಟ್ಟಿ ಕೇಳಿ ಸರ್. ಯಾವ ಕಟ್ಟಡ, ಯಾವ ರೂಮು, ಏನೇನಿದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಇಷ್ಟೇ. ಅದರ ಒಂದು ಪ್ರತಿ ಗೇಟಿನಲ್ಲಿ ಕನ್ನಡದಲ್ಲಿರಲಿ, ಇನ್ನೊಂದು ಹತ್ತಿರದ ಅಗ್ನಿಶಾಮಕ ಠಾಣೆಯಲ್ಲಿರಲಿ. ವರ್ಷಕ್ಕೊಮ್ಮೆ ಠಾಣೆಯವರ ಜೊತೆ ಅಣಕು ಕಾರ್ಯಾಚರಣೆ ನಡೆಯಲಿ, ಅದೂ ಕತ್ತಲಾದ ಮೇಲೆ.

ವೇಸ್ಟ್ ಸಾಗಿಸುವುದಕ್ಕೂ ಒಂದು ದಾರಿ ಬೇಕು. 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ವಿಲೇವಾರಿ ಘಟಕ ದಾಬಸ್‌ಪೇಟೆಯಲ್ಲೇ ಇದೆ. ಆದರೆ ಒಂದು ಕಾಲೇಜಿನ ನಾಲ್ಕು ಕ್ಯಾನಿಗೋಸ್ಕರ ಲಾರಿ ಬರುವುದು ಕಷ್ಟ. ಹತ್ತಾರು ಕಾಲೇಜುಗಳಿಗೆ ಸೇರಿಸಿ ಒಂದೇ ಸುತ್ತು ಹಾಕಿಸಿದರೆ ಆಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನು ಕೂರಿಸಿಕೊಂಡು ಬೇಸಿಗೆ ರಜೆಗೆ ಮೊದಲೇ ಇದನ್ನು ಮಾಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಆ ರೂಮುಗಳಿಗೆ ಬೀಗ ಬಿದ್ದಿರುತ್ತದೆ, ಒಳಗೆ ಸೆಕೆ ಏರುತ್ತಿರುತ್ತದೆ.

ಮೊದಲ ಸಭೆಗೆ ಕುಲಸಚಿವರು, ಪ್ರಿನ್ಸಿಪಾಲರ ಜೊತೆ ಲ್ಯಾಬ್ ಅಟೆಂಡರ್‌ಗಳನ್ನೂ ಕರೆಯಿರಿ. ಯಾವ ರ‍್ಯಾಕಿನ ಹಿಂದೆ ಏನು ಕೂತಿದೆ ಅಂತ ಗೊತ್ತಿರುವುದು ಅವರಿಗೇ. ಪಟ್ಟಿ ತಯಾರಿಸುವ ಕೆಲಸಕ್ಕೆ ನಾನೂ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಲ್ಯಾಬ್ ಅಸಿಸ್ಟೆಂಟ್, ಬೆಂಗಳೂರು